ನಾಲ್ವರು ಚಕ್ರವರ್ತಿಗಳ ವರ್ಷ ಒಂದು ಪೆಟ್ಟಿಗೆಯಲ್ಲಿ: ದುಡ್ಡಿನ ಲೆಕ್ಕ ಸರಿ, ಸುದ್ದಿಯ ಲೆಕ್ಕ ತಪ್ಪು

ತುಮಕೂರಿನ ಎಂ.ಜಿ. ರಸ್ತೆಯ ಪುಸ್ತಕದಂಗಡಿಯಲ್ಲಿ ಗೈಡು, ಹಳೇ ಪ್ರಶ್ನೆಪತ್ರಿಕೆಗಳ ಕಟ್ಟಿನ ಪಕ್ಕ ಒಂದು ಕಂದು ರಟ್ಟಿನ ಪೆಟ್ಟಿಗೆ ಮಾರಾಟಕ್ಕಿದೆ. ಬೆಲೆ 1,450 ರೂಪಾಯಿ. ಊರಿನವರೇ ಕೂತು ಮಾಡಿದ ಆಟ, ಪೂರ್ತಿ ಕನ್ನಡದಲ್ಲಿ. ವಿಷಯ ಮಾತ್ರ ಊರಿನದಲ್ಲ: ರೋಮನ್ ಸಾಮ್ರಾಜ್ಯದ ಕ್ರಿ.ಶ. 69ನೇ ವರ್ಷ, ಜನವರಿಯಿಂದ ಡಿಸೆಂಬರ್‌ವರೆಗೆ, ತಿಂಗಳಿಗೊಂದು ಸುತ್ತು. ಇಬ್ಬರಿಂದ ನಾಲ್ವರು ಆಡಬಹುದು.

ಒಳಗಿರುವುದು ಇಷ್ಟು: 24 ಇಂಚು ಅಗಲ, 36 ಇಂಚು ಉದ್ದದ ಹತ್ತಿ ಬಟ್ಟೆಯ ಮೇಲೆ ಅಚ್ಚಾದ ನಕ್ಷೆ; 3 ಮಿ.ಮೀ. ಎಂಡಿಎಫ್ ಹಲಗೆಯಲ್ಲಿ ಕೊರೆದ 64 ಬಿಲ್ಲೆ, 48 ಚೀಟಿ, 90 ತಗಡಿನ ನಾಣ್ಯ, ಐದು ಕವಡೆ, 28 ಪುಟದ ನಿಯಮಪುಸ್ತಕ. ದಾಳ ಇಲ್ಲ. ಚೌಕಾಬಾರ ಆಡಿ ಬೆಳೆದ ಕೈಗೆ ಕವಡೆಯೇ ಹಿತ ಎಂದು ಮಾಡಿದವರು ಎಣಿಸಿದ್ದಾರೆ. ಅದು ಒಳ್ಳೆಯ ತೀರ್ಮಾನವೇ. ಆದರೆ ಅದಕ್ಕೊಂದು ಎಚ್ಚರಿಕೆ ಬೇಕು, ಅದನ್ನು ಮುಂದೆ ನೋಡೋಣ.

ವರ್ಷದ ಕಥೆ ಗೊತ್ತಿಲ್ಲದವರಿಗೆ ಒಂದೇ ಉಸಿರಿನಲ್ಲಿ ಹೇಳುವುದಾದರೆ: ಜನವರಿ 1ರಂದು ಗಾಲ್ಬ ಚಕ್ರವರ್ತಿ. 15ಕ್ಕೆ ಅವನ ತಲೆ ಈಟಿಯ ತುದಿಗೇರಿತು, ಓಥೋ ಪಟ್ಟಕ್ಕೆ ಬಂದ. ಏಪ್ರಿಲ್ 14ರಂದು ಉತ್ತರ ಇಟಲಿಯ ಬೆಡ್ರಿಯಾಕಮ್ ಹತ್ತಿರ ಓಥೋನ ಸೈನ್ಯ ಸೋತಿತು, 16ಕ್ಕೆ ಅವನು ತಾನೇ ಇರಿದುಕೊಂಡು ಸತ್ತ. ಗೆದ್ದವನು ರೈನ್ ಗಡಿಯ ಸೇನಾಪತಿ ವಿಟೆಲಿಯಸ್. ಜುಲೈ 1ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಸೈನಿಕರು, ಜುಡೇಯದಲ್ಲಿ (ಜೆರುಸಲೇಮ್ ಸುತ್ತಲಿನ ನಾಡು) ದಂಗೆ ಅಡಗಿಸುತ್ತಿದ್ದ ಸೇನಾಪತಿ ವೆಸ್ಪೇಸಿಯನ್ ಹೆಸರನ್ನು ಚಕ್ರವರ್ತಿ ಎಂದು ಕೂಗಿದರು. ಅಕ್ಟೋಬರ್ 24ರ ರಾತ್ರಿ ಹೆಚ್ಚು ಕಡಿಮೆ ಅದೇ ಬಯಲಿನಲ್ಲಿ, ಕ್ರೆಮೋನಾ ಊರಿನ ಹತ್ತಿರ, ಎರಡನೇ ಕಾಳಗ; ವಿಟೆಲಿಯಸ್ ಸೈನ್ಯ ವೆಸ್ಪೇಸಿಯನ್ ಪಕ್ಷಕ್ಕೆ ಸೋತಿತು. ಡಿಸೆಂಬರ್ 20ಕ್ಕೆ ವಿಟೆಲಿಯಸ್‌ನನ್ನು ರೋಮಿನ ಬೀದಿಯಲ್ಲಿ ಎಳೆದಾಡಿ ಕೊಂದರು. ಮರುದಿನವೇ ಸೆನೆಟ್ ವೆಸ್ಪೇಸಿಯನ್‌ಗೆ ಅಧಿಕಾರ ಒಪ್ಪಿಸಿತು.

ಇಂಥ ವರ್ಷವನ್ನು ಆಟವಾಗಿಸುವಾಗ ಎರಡು ಲೆಕ್ಕ ಸರಿಯಾಗಬೇಕು. ಸೈನಿಕನಿಗೆ ಯಾರು ಎಷ್ಟು ಕೊಟ್ಟರು ಎನ್ನುವುದು ಒಂದು, ಯಾವ ಸುದ್ದಿ ಯಾರಿಗೆ ಎಂದು ಮುಟ್ಟಿತು ಎನ್ನುವುದು ಇನ್ನೊಂದು. ಈ ಪೆಟ್ಟಿಗೆ ಮೊದಲನೆಯದರಲ್ಲಿ ಪಾಸು, ಎರಡನೆಯದರಲ್ಲಿ ಫೇಲು.

ಪಾಸಾದ ಭಾಗ ಮೊದಲು. ಒಂದು ತಗಡಿನ ನಾಣ್ಯವೆಂದರೆ ರೋಮಿನ ಪ್ರಿಟೋರಿಯನ್ ಕಾವಲು ಪಡೆಯ ಒಂದು ವರ್ಷದ ಸಂಬಳ. ಆಟ ಶುರುವಾಗುವಾಗಲೇ ಗಾಲ್ಬನ ಕಡೆಯವರ ತಲೆ ಮೇಲೆ 10 ನಾಣ್ಯದ ಸಾಲ, ಖಜಾನೆಯಲ್ಲಿ 6 ನಾಣ್ಯ. ಈ 10 ಎಲ್ಲಿಂದ ಬಂತು ಎಂದು ಪುಸ್ತಕ ಹೇಳುವುದಿಲ್ಲ, ಹೇಳಬೇಕಿತ್ತು. ಕಾವಲುಗಾರನ ವರ್ಷದ ಸಂಬಳ 750 ಡೆನಾರಿಯಸ್ ಎಂಬ ಬೆಳ್ಳಿ ನಾಣ್ಯ. 68ರಲ್ಲಿ ಆಗಿನ ಚಕ್ರವರ್ತಿ ನೀರೋನ ಕೈಬಿಟ್ಟು ಗಾಲ್ಬನ ಕಡೆ ಬರಲಿ ಎಂದು ಅವರ ಮೇಲಧಿಕಾರಿ ನಿಂಫಿಡಿಯಸ್ ಸಬೈನಸ್ ತಲೆಗೆ 7,500 ಕೊಡುವ ಮಾತು ಕೊಟ್ಟ. ಸರಿಯಾಗಿ ಹತ್ತು ವರ್ಷದ ಸಂಬಳ. ಗಡಿಯ ಲೀಜನ್ (ಸುಮಾರು ಐದು ಸಾವಿರ ಕಾಲಾಳುಗಳ ದಳ) ಸೈನಿಕನಿಗೆ 1,250. ಅವನ ವರ್ಷದ ಸಂಬಳ 225. ಗಾಲ್ಬ ಪಟ್ಟಕ್ಕೆ ಬಂದ ಮೇಲೆ, ನಾನು ಸೈನಿಕರನ್ನು ಆರಿಸಿಕೊಳ್ಳುವವನೇ ಹೊರತು ಕೊಂಡುಕೊಳ್ಳುವವನಲ್ಲ ಎಂದುಬಿಟ್ಟ. ಮಾತು ಚೆನ್ನಾಗಿದೆ. ಅದಕ್ಕೆ ತೆತ್ತ ಬೆಲೆ ತಲೆ.

ನಿಯಮ ಹೀಗಿದೆ: ಪ್ರತಿ ಸುತ್ತಿನ ಮೊದಲಿಗೆ ನಾಣ್ಯ ಹಂಚಬೇಕು. ನಾಣ್ಯ ಸಿಗದ ದಳದ ಮೇಲೆ ಒಂದು ಕೆಂಪು ‘ಮುನಿಸು’ ಬಿಲ್ಲೆ ಕೂರುತ್ತದೆ. ಮೂರನೇ ಮುನಿಸು ಕೂತ ದಿನ ನಾಲ್ಕು ಕವಡೆ ಎಸೆಯಬೇಕು. ಎರಡೋ ಹೆಚ್ಚೋ ಬಾಯಿ ಮೇಲಾಗಿ ಬಿದ್ದರೆ ದಳ ಹೆಚ್ಚು ಕೊಡುವವನ ಕಡೆ ಹಾರುತ್ತದೆ. ಕವಡೆ ನೆಟ್ಟಗಿದ್ದರೆ ಇದರ ಸಾಧ್ಯತೆ 16ರಲ್ಲಿ 11. ಗಾಲ್ಬನಾಗಿ ಕೂತವರು ಮಾಡುವ ಮಾಮೂಲಿ ತಪ್ಪೆಂದರೆ ಇದ್ದ ಆರು ನಾಣ್ಯವನ್ನು ಎಲ್ಲರಿಗೂ ಚೂರುಚೂರು ಹಂಚುವುದು. ಆಗ ರೈನ್ ನದಿಯ ಏಳು ಲೀಜನ್‌ಗಳೂ ತೃಪ್ತಿಪಡುವುದಿಲ್ಲ, ಕಾವಲು ಪಡೆಯೂ ಇಲ್ಲ. ಕಾವಲು ಪಡೆಗೆ ಮೂರು ನಾಣ್ಯ ಒಟ್ಟಿಗೆ ಹಾಕಿ, ಉಳಿದದ್ದನ್ನು ಮೊಗೊಂಟಿಯಾಕಮ್ ಅಂದರೆ ಈಗಿನ ಮೈನ್ಜ್‌ನ ಎರಡು ಲೀಜನ್‌ಗಳಿಗೆ ಹಾಕಿದರೆ ಜನವರಿ ದಾಟಬಹುದು. ಇತಿಹಾಸಕ್ಕೆ ಇದು ಅಪಚಾರವೇನಲ್ಲ. ಆ ಜಿಪುಣ ಮುದುಕ ಕೊಂಚ ಕೈಬಿಚ್ಚಿದ್ದರೂ ಸೈನಿಕರು ಒಲಿಯುತ್ತಿದ್ದರು ಎಂದು ಆ ವರ್ಷದ ಕಥೆ ಬರೆದ ರೋಮನ್ ಇತಿಹಾಸಕಾರ ಟ್ಯಾಸಿಟಸ್ಸನೇ ಹೇಳಿದ್ದಾನೆ. ಓಥೋನ ಕಡೆಯ ಚೀಟಿಯೂ ಇಷ್ಟೇ ಬಿಗಿಯಾಗಿದೆ: ಗಾಲ್ಬ ಊಟಕ್ಕೆ ಬಂದಾಗಲೆಲ್ಲ ಓಥೋ ಕಾವಲಿಗೆ ನಿಂತವರಿಗೆ ತಲೆಗೆ ನೂರು ಸೆಸ್ಟರ್ಸ್, ಅಂದರೆ 25 ಡೆನಾರಿಯಸ್, ಹಂಚುತ್ತಿದ್ದ. ಆಟದಲ್ಲಿ ಈ ಚೀಟಿಗೆ ಒಂದೇ ನಾಣ್ಯದ ಖರ್ಚು. ಜನವರಿ 15ರ ಬೆಳಗ್ಗೆ ಅವನನ್ನು ಚಕ್ರವರ್ತಿ ಎಂದು ಕೂಗಿದವರು ಬರೀ 23 ಮಂದಿ. ಅಷ್ಟು ಅಗ್ಗದಲ್ಲಿ ಸಾಮ್ರಾಜ್ಯ ಕೈಬದಲಾಯಿತು ಎನ್ನುವುದು ಆಡಿದವರ ಕೈಗೇ ತಿಳಿಯುತ್ತದೆ.

ನೀರೋ ಹಂಚಿಬಿಟ್ಟಿದ್ದ 220 ಕೋಟಿ ಸೆಸ್ಟರ್ಸ್ ಉಡುಗೊರೆಯನ್ನು ಹತ್ತರಲ್ಲಿ ಒಂಬತ್ತು ಪಾಲು ವಾಪಸು ವಸೂಲಿ ಮಾಡಲು ಗಾಲ್ಬ 30 ಮಂದಿಯನ್ನು ನೇಮಿಸಿದ್ದ. ಅದಕ್ಕೂ ಒಂದು ಚೀಟಿ ಇದೆ: ಎರಡು ನಾಣ್ಯ ಬರುತ್ತದೆ, ನಾಲ್ಕು ಮುನಿಸು ಬೀಳುತ್ತದೆ. ಪಡೆದವರು ಆಗಲೇ ಉಂಡು ತಿಂದು ಮುಗಿಸಿದ್ದರಿಂದ ನಿಜದಲ್ಲೂ ಗಿಟ್ಟಿದ್ದು ಕಡಿಮೆ, ಕಟ್ಟಿಕೊಂಡ ವೈರ ಜಾಸ್ತಿ. ಪೆಟ್ಟಿಗೆಯಲ್ಲಿ ಅತ್ಯಂತ ಚೆನ್ನಾಗಿ ತೂಗಿದ ಚೀಟಿ ಇದೇ.

ನಾಣ್ಯಗಳ ಮೇಲೆ ಒಂದು ತಕರಾರು. 90 ನಾಣ್ಯದ ಮೇಲೂ ವೆಸ್ಪೇಸಿಯನ್‌ನ ದಪ್ಪ ಮುಖವೇ ಇದೆ. ಜನವರಿಯಲ್ಲಿ ಗಾಲ್ಬನ ಸೈನಿಕನಿಗೆ ವೆಸ್ಪೇಸಿಯನ್ ನಾಣ್ಯ ಹಂಚುವುದೆಂದರೆ ಮದುವೆಗೆ ಮುಂಚೆ ನಾಮಕರಣದ ಹೋಳಿಗೆ ಬಡಿಸಿದ ಹಾಗೆ. ಆ ವರ್ಷ ಪಟ್ಟಕ್ಕೆ ಬಂದ ಪ್ರತಿಯೊಬ್ಬನೂ ಮೊದಲು ಮಾಡಿದ ಕೆಲಸಗಳಲ್ಲಿ ತನ್ನ ಮುಖದ ನಾಣ್ಯ ಹೊಡೆಸಿದ್ದೂ ಒಂದು. ಮೂರೇ ತಿಂಗಳಿದ್ದ ಓಥೋ ಕೂಡ ರೋಮಿನಲ್ಲಿ ಚಿನ್ನ, ಬೆಳ್ಳಿ ಹೊಡೆಸಿದ; ಅಲ್ಲಿ ತಾಮ್ರ, ಹಿತ್ತಾಳೆಯ ಸರದಿ ಅವನಿಗೆ ಬರಲೇ ಇಲ್ಲ. ನಾಲ್ಕು ಬಗೆಯ ಅಚ್ಚು ದುಬಾರಿಯಾಗುವುದಾದರೆ ನಾಲ್ಕು ಬಣ್ಣದ ಚುಕ್ಕೆ ಸಾಕಿತ್ತು. ಅಂದಹಾಗೆ, ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗುವ ತುಮಕೂರಿನವರು ದಿನಾ ದಾಟುವ ಯಶವಂತಪುರದಲ್ಲಿ ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಕಾಲದ ಬೆಳ್ಳಿ ಡೆನಾರಿಯಸ್‌ಗಳು ನೆಲದಲ್ಲಿ ಸಿಕ್ಕಿವೆ. ನಮ್ಮ ಕಡೆಯ ಪೆಟ್ಟಿಗೆ ಎಂದ ಮೇಲೆ ಈ ಮಾತಿಗೆ ಪುಸ್ತಕದಲ್ಲಿ ಅರ್ಧ ಪುಟ ಕೊಡಬಹುದಿತ್ತು.

ಇನ್ನು ಫೇಲಾದ ಭಾಗ.

ನಕ್ಷೆಯ ಮೇಲೆ ಊರುಗಳು ವೃತ್ತಗಳು, ದಾರಿಗಳು ಗೆರೆಗಳು. ಎಲ್ಲ ಬಿಲ್ಲೆಗಳೂ ತಿಂಗಳಿಗೆ ಮೂರು ವೃತ್ತ ನಡೆಯುತ್ತವೆ. ಸೈನ್ಯದ ಮಟ್ಟಿಗೆ ಇದು ಕೆಟ್ಟ ಅಂದಾಜೇನಲ್ಲ. ಮೈನ್ಜ್‌ನಿಂದ ಕ್ರೆಮೋನಾಕ್ಕೆ ಐದು ವೃತ್ತ. ವಿಟೆಲಿಯಸ್‌ನ ಸೇನಾಪತಿ ಕೈಕೀನಾ ಸುಮಾರು 30,000 ಜನರೊಂದಿಗೆ ಹಿಮ ಕರಗುವ ಮುಂಚೆಯೇ ಪೆನೈನ್ ಆಲ್ಪ್ಸ್ ಕಣಿವೆ ದಾಟಿ ಮಾರ್ಚ್‌ನಲ್ಲಿ ಪೋ ನದಿಯ ಬಯಲಲ್ಲಿದ್ದ. ಸುಮಾರು 40,000 ಜನರಿದ್ದ ಅದೇ ಪಕ್ಷದ ಇನ್ನೊಬ್ಬ ಸೇನಾಪತಿ ವ್ಯಾಲೆನ್ಸ್ ಗಾಲ್ ಪ್ರಾಂತದಲ್ಲಿ, ಅಂದರೆ ಈಗಿನ ಫ್ರಾನ್ಸಿನಲ್ಲಿ, ಸುತ್ತು ಹಾಕಿಕೊಂಡು ತಡವಾಗಿ ಬಂದ. ಸಿರಿಯದ ಆಂಟಿಯೋಕ್‌ನಿಂದ ರೋಮಿಗೆ 14 ವೃತ್ತ. ಬೇಸಿಗೆಯ ಕೊನೆಗೆ ಹೊರಟ, ವೆಸ್ಪೇಸಿಯನ್ ಪಕ್ಷದ ಸಿರಿಯ ರಾಜ್ಯಪಾಲ ಮುಸಿಯಾನಸ್ ರೋಮ್ ತಲುಪುವ ಹೊತ್ತಿಗೆ ವಿಟೆಲಿಯಸ್ ಸತ್ತಾಗಿತ್ತು. ಇವೆರಡೂ ಆಟದಲ್ಲಿ ಒಪ್ಪವಾಗಿ ಕೂರುತ್ತವೆ.

ತೊಂದರೆ ದೂತನ ಬಿಲ್ಲೆಯದು. ಕುದುರೆ ಬದಲಿಸುತ್ತ ಓಡುವ ದೂತನೂ ತಿಂಗಳಿಗೆ ಮೂರೇ ವೃತ್ತ! ಗಂಟುಮೂಟೆ, ಹೇಸರಗತ್ತೆ, ಬೀಸುವ ಕಲ್ಲು ಹೊತ್ತು ನಡೆಯುವ ಲೀಜನ್‌ಗೂ ಕಾಗದ ಹಿಡಿದು ಓಡುವ ಸವಾರನಿಗೂ ಒಂದೇ ನಡಿಗೆ. ಇದರ ಫಲ ಏನಾಗುತ್ತದೆ ನೋಡಿ. ಜನವರಿ 1ರಂದು ಮೈನ್ಜ್‌ನಲ್ಲಿದ್ದ 4 ಮತ್ತು 22ನೇ ಲೀಜನ್‌ಗಳು ಗಾಲ್ಬನ ಪ್ರತಿಮೆಗಳನ್ನು ಒಡೆದು ನಿಷ್ಠೆಯ ಪ್ರಮಾಣ ಮಾಡಲು ಒಪ್ಪಲಿಲ್ಲ. ಮರುದಿನ ವ್ಯಾಲೆನ್ಸ್ ರೈನ್ ತೀರದ ಕಲೋನ್‌ಗೆ ನುಗ್ಗಿ ವಿಟೆಲಿಯಸ್‌ನನ್ನು ಚಕ್ರವರ್ತಿ ಎಂದ. ಮೈನ್ಜ್‌ನ ದಂಗೆಯ ವರದಿ ಕೆಲವೇ ದಿನದಲ್ಲಿ ರೋಮ್ ಮುಟ್ಟಿತು. ಮಕ್ಕಳಿಲ್ಲದ 70 ದಾಟಿದ ಮುದುಕ ಎಂಬ ಮಾತು ಬಾಯಿಂದ ಬಾಯಿಗೆ ಹೋಗುತ್ತಿದ್ದಾಗ ಗಾಲ್ಬ ಜನವರಿ 10ಕ್ಕೆ ಪೀಸೋ ಎಂಬ ಯುವಕನನ್ನು ದತ್ತು ತೆಗೆದುಕೊಂಡದ್ದು ಆ ಗಾಬರಿಯಲ್ಲೇ. ದತ್ತು ತನಗೇ ಸಿಗುತ್ತದೆ ಎಂದು ಕಾದು ಕೂತಿದ್ದ ಓಥೋ ಐದೇ ದಿನದಲ್ಲಿ ಇಬ್ಬರನ್ನೂ ಕೊಲ್ಲಿಸಿದ. ಅಂದರೆ ಜನವರಿಯ ಇಡೀ ಸರಪಳಿ ಒಂದು ಕಾಗದ ಬೇಗ ಬಂದದ್ದರಿಂದ ಬಿಗಿದದ್ದು.

ಆಟದಲ್ಲಿ ಮೈನ್ಜ್‌ನಿಂದ ರೋಮಿಗೆ ಎಂಟು ವೃತ್ತ. ದೂತ ಮುಟ್ಟುವುದು ಮೂರನೇ ತಿಂಗಳಿಗೆ. ‘ಪೀಸೋ ದತ್ತು’ ಚೀಟಿಯ ಷರತ್ತೋ, ರೈನ್ ಸುದ್ದಿ ರೋಮ್ ಮುಟ್ಟಿರಬೇಕು ಎಂದಿದೆ. ಆ ಹೊತ್ತಿಗೆ ಗಾಲ್ಬ ಸತ್ತಿರುತ್ತಾನೆ, ಇಲ್ಲವೇ ಚೀಟಿಯ ಅಗತ್ಯವೇ ಇರುವುದಿಲ್ಲ. ಹೀಗೆ ಪೆಟ್ಟಿಗೆಯ ಒಳ್ಳೆಯ ಚೀಟಿಯೊಂದು ಎಂದೂ ಮೇಲೆ ಬಾರದೆ ಕಟ್ಟಿನಲ್ಲೇ ಕೊಳೆಯುತ್ತದೆ.

ಸಮುದ್ರದ ಕಥೆ ಇನ್ನೂ ಕೆಟ್ಟದು. ರೋಮಿನಿಂದ ಅಲೆಕ್ಸಾಂಡ್ರಿಯಕ್ಕೆ ನಾಲ್ಕು ನೀಲಿ ವೃತ್ತ, ಹೋಗುವುದಕ್ಕೂ ಬರುವುದಕ್ಕೂ ಒಂದೇ ಲೆಕ್ಕ. ಬೇಸಿಗೆಯಲ್ಲಿ ಆ ಕಡಲ ಮೇಲೆ ಗಾಳಿ ವಾಯವ್ಯದಿಂದ ಬೀಸುತ್ತದೆ. ಇಟಲಿಯ ಪುಟಿಯೋಲಿಯಿಂದ ಗಾಳಿ ಬೆನ್ನಿಗಿಟ್ಟುಕೊಂಡು ಹೊರಟ ಹಡಗು ಒಂಬತ್ತು ದಿನದಲ್ಲಿ ಅಲೆಕ್ಸಾಂಡ್ರಿಯ ಸೇರಿದ ದಾಖಲೆ ಆ ಕಾಲದ್ದೇ ಇದೆ. ಬರುವಾಗ ಅದೇ ಗಾಳಿ ಮುಖಕ್ಕೆ. ಧಾನ್ಯದ ಹಡಗು ದಡ ಹಿಡಿದು ಸುತ್ತಿಕೊಂಡು ಬರಲು ತಿಂಗಳೋ ಎರಡು ತಿಂಗಳೋ. ನವೆಂಬರ್ 11ರಿಂದ ಮಾರ್ಚ್ 10ರವರೆಗೆ ಕಡಲು ಮುಚ್ಚಿದ ಲೆಕ್ಕ, ಹಡಗು ಹೊರಡುವುದೇ ಅಪರೂಪ. ಆಟದಲ್ಲಿ ಜನವರಿಯ ಬಿರುಗಾಳಿಯಲ್ಲೂ ಹಡಗುಗಳು ನಮ್ಮ ಅಮಾನಿಕೆರೆಯ ಪೆಡಲ್ ದೋಣಿಯಷ್ಟು ಸಲೀಸಾಗಿ ಓಡಾಡುತ್ತವೆ.

ಇದರಿಂದ ‘ಈಜಿಪ್ಟಿನ ಧಾನ್ಯ ತಡೆ’ ಚೀಟಿ ವಿಪರೀತ ಬಲಶಾಲಿಯಾಗಿದೆ. ವರ್ಷದಲ್ಲಿ ನಾಲ್ಕು ತಿಂಗಳು ರೋಮ್ ಉಣ್ಣುವುದು ಈಜಿಪ್ಟಿನ ಗೋಧಿ ಎನ್ನುವುದು ಆ ಕಾಲದ ಮಾತು. ಅದಕ್ಕೇ ವೆಸ್ಪೇಸಿಯನ್ ಕಾಳಗಕ್ಕೆ ಹೋಗದೆ ಅಲೆಕ್ಸಾಂಡ್ರಿಯದಲ್ಲಿ ಕೂತ. ಆದರೆ ಜುಲೈಯಲ್ಲಿ ಬಂದರು ಮುಚ್ಚಿದರೆ ಆಗಸ್ಟ್‌ನಲ್ಲಿ ಯಾರ ಹೊಟ್ಟೆಯೂ ಸುಡುವುದಿಲ್ಲ, ಮೊದಲು ಉಗ್ರಾಣ ಬರಿದಾಗಬೇಕು. 70ರ ಮೊದಲಿಗೆ ರೋಮಿನಲ್ಲಿ ಹತ್ತು ದಿನಕ್ಕೆ ಸಾಲುವಷ್ಟೇ ಧಾನ್ಯ ಉಳಿದಿದ್ದಾಗ ವೆಸ್ಪೇಸಿಯನ್ ಕಳಿಸಿದ ಹಡಗುಗಳು ಬಂದವು. ಆಟದಲ್ಲಿ ಚೀಟಿ ಇಟ್ಟ ಮರು ಸುತ್ತಿನಲ್ಲೇ ವಿಟೆಲಿಯಸ್‌ಗೆ ಮೂರು ಮುನಿಸು. ಸೆಪ್ಟೆಂಬರ್‌ಗೆ ಆಟ ಮುಗಿದುಹೋಗುತ್ತದೆ, ಕ್ರೆಮೋನಾದ ಕಾಳಗ ಬರುವುದೇ ಇಲ್ಲ. ನಾಲ್ವರಲ್ಲಿ ವೆಸ್ಪೇಸಿಯನ್ ಆಗಲು ಎಲ್ಲರೂ ಜಗಳ ಆಡುವುದು ಇದಕ್ಕೇ.

ಇದನ್ನು ಮನೆಯಲ್ಲೇ ಸರಿಪಡಿಸಬಹುದು. ಬೇಕಾದದ್ದು ಹುಣಸೆ ಬೀಜ, ತುಮಕೂರಿನಲ್ಲಿ ಅದಕ್ಕೇನು ಬರ? ಹದಿನೈದು ಬೀಜ ತೆಗೆದುಕೊಂಡು ಒಂದು ಮಗ್ಗುಲನ್ನು ಬಿಳಿ ಕಾಣುವವರೆಗೆ ಒರಟು ಕಲ್ಲಿಗೆ ಉಜ್ಜಿ, ಆ ಬಿಳಿಯ ಮೇಲೆ ಆಟಗಾರನ ಬಣ್ಣದ ಚುಕ್ಕೆ ಇಡಿ. ಇವು ಸುದ್ದಿ ಬೀಜಗಳು. ತಿಂಗಳ ಪಟ್ಟಿಯ ಪ್ರತಿ ಮನೆಯನ್ನೂ ಸೀಮೆಸುಣ್ಣದಿಂದ ಮೂರು ಭಾಗ ಮಾಡಿ, ಭಾಗಕ್ಕೆ ಹತ್ತು ದಿನ. ಸೈನ್ಯ ಹತ್ತು ದಿನಕ್ಕೆ ಒಂದು ವೃತ್ತ, ಆಲ್ಪ್ಸ್ ವೃತ್ತಕ್ಕೆ ಮಾರ್ಚ್ ಕೊನೆಯವರೆಗೆ ಇಪ್ಪತ್ತು ದಿನ. ಸುದ್ದಿ ಬೀಜ ನೆಲದ ಮೇಲೆ ಹತ್ತು ದಿನಕ್ಕೆ ಎಂಟು ವೃತ್ತ. ಕಡಲಲ್ಲಿ ರೋಮಿನಿಂದ ಈಜಿಪ್ಟಿಗೆ ಹತ್ತು ದಿನಕ್ಕೆ ನಾಲ್ಕೂ ವೃತ್ತ. ಈಜಿಪ್ಟಿನಿಂದ ರೋಮಿಗೆ ಹತ್ತು ದಿನಕ್ಕೆ ಒಂದೇ. ನವೆಂಬರ್‌ನ ಎರಡನೇ ಭಾಗದಿಂದ ಮಾರ್ಚ್‌ನ ಮೊದಲ ಭಾಗದವರೆಗೆ ಕಡಲ ಬಿಲ್ಲೆ ಅಲುಗಾಡಕೂಡದು. ಧಾನ್ಯ ತಡೆಯ ಮುನಿಸು, ಚೀಟಿ ಇಟ್ಟ ಐದು ತಿಂಗಳ ನಂತರವೇ ಬೀಳಬೇಕು. ಎಲ್ಲೋ ಏನೋ ನಡೆದರೆ ಅಲ್ಲಿ ಬೀಜ ಇಡಿ; ಬೀಜ ಮುಟ್ಟುವವರೆಗೆ ಎದುರಿನವನು ಆ ಘಟನೆಗೆ ಉತ್ತರವಾಗಿ ಚೀಟಿ ಇಡುವಂತಿಲ್ಲ, ಬಿಲ್ಲೆ ತಿರುಗಿಸುವಂತಿಲ್ಲ.

ಒಂದೇ ಬಟ್ಟೆಯ ಸುತ್ತ ಕೂತವರಿಗೆ ಎಲ್ಲವೂ ಕಾಣುತ್ತದಲ್ಲ, ಗೊತ್ತಿಲ್ಲದಂತೆ ನಟಿಸುವುದು ಹೇಗೆ? ನಟಿಸಲಾಗುವುದಿಲ್ಲ, ಎರಡನೇ ತಿಂಗಳಿಗೇ ಜಗಳ ಶುರುವಾಗುತ್ತದೆ. ಐದನೆಯ ಒಬ್ಬರನ್ನು ಅಂಚೆಯವರಾಗಿ ಕೂರಿಸುವುದೇ ದಾರಿ. ನಕ್ಷೆಯ ಫೋಟೋ ತೆಗೆದು ಜೆರಾಕ್ಸ್ ಅಂಗಡಿಯಲ್ಲಿ ಎರಡು ಎ3 ಹಾಳೆಗೆ ಅಚ್ಚು ಹಾಕಿಸಿ ಅಂಟಿಸಿದರೆ ಅವರಿಗೊಂದು ನಕ್ಷೆಯಾಯಿತು. ಅದನ್ನು ಪೆಟ್ಟಿಗೆಯ ಮುಚ್ಚಳದ ಮರೆಯಲ್ಲಿಟ್ಟುಕೊಂಡು ನಿಜವಾದ ಚಲನೆ ಅದರ ಮೇಲೆ ನಡೆಸಬೇಕು, ಸುದ್ದಿ ಮುಟ್ಟಿದಾಗ ಮಾತ್ರ ಬಟ್ಟೆಯ ಮೇಲೆ ಬಿಲ್ಲೆ ಸರಿಸಬೇಕು. ಇಷ್ಟು ಮಾಡಿದರೆ ಓಥೋನ ಏಪ್ರಿಲ್ ಸಂಕಟ ತಾನಾಗೇ ಹುಟ್ಟುತ್ತದೆ. ಡ್ಯಾನ್ಯೂಬ್ ಲೀಜನ್‌ಗಳು ದಾರಿಯಲ್ಲಿವೆ, ಕಾಯೋಣ ಎಂದು ಅನುಭವಿ ಸೇನಾಪತಿ ಸ್ವಿಟೋನಿಯಸ್ ಪಾಲಿನಸ್ ಹೇಳಿದ. ಓಥೋಗೆ ತಡೆಯಲಾಗಲಿಲ್ಲ. ತಾನು ಪೋ ತೀರದ ಬ್ರಿಕ್ಸೆಲಮ್‌ನಲ್ಲಿ ಹಿಂದುಳಿದು ಸೈನ್ಯವನ್ನು ಮುಂದೆ ಅಟ್ಟಿದ. ಮೂಲ ನಿಯಮದಲ್ಲಿ ಕಾಯುವುದೇ ಲಾಭ ಎಂದು ಎಲ್ಲರಿಗೂ ಎಣಿಸಿ ಗೊತ್ತಾಗುತ್ತದೆ. ಅಂಚೆಯವರಿದ್ದರೆ ಆ ಸಹಾಯ ಎಷ್ಟು ದೂರದಲ್ಲಿದೆ ಎನ್ನುವುದೇ ಗೊತ್ತಾಗುವುದಿಲ್ಲ, ಆಡುವವರು ಓಥೋನಂತೆಯೇ ಆತುರಪಡುತ್ತಾರೆ.

ಬಿಲ್ಲೆಗಳ ಮಾತಿಗೆ ಬರೋಣ. ಲೀಜನ್ ಬಿಲ್ಲೆಯ ಮೇಲೆ ಬರೀ ಸಂಖ್ಯೆ ಇದೆ, ಹೆಸರಿಲ್ಲ. ಇದು ದೊಡ್ಡ ಎಡವಟ್ಟು, ಏಕೆಂದರೆ ರೋಮನ್ ಲೀಜನ್‌ಗಳ ಸಂಖ್ಯೆ ಮರುಕಳಿಸುತ್ತದೆ. ರೈನ್‌ನಲ್ಲಿ 5ನೇ ಅಲಾಡೆ, ಜುಡೇಯದಲ್ಲಿ 5ನೇ ಮ್ಯಾಸಿಡೋನಿಕ. ರೈನ್‌ನಲ್ಲಿ 15ನೇ ಪ್ರೈಮಿಜೀನಿಯ, ಜುಡೇಯದಲ್ಲಿ 15ನೇ ಅಪೊಲಿನಾರಿಸ್. ಮೈನ್ಜ್‌ನಲ್ಲಿ ಒಂದು 22, ಈಜಿಪ್ಟಿನಲ್ಲಿ ಇನ್ನೊಂದು 22. ಮೈನ್ಜ್‌ನಲ್ಲಿ ಒಂದು 4, ಸಿರಿಯದಲ್ಲಿ ಒಂದು 4. ಎರಡನೇ ಕಾಳಗದಲ್ಲಂತೂ ಒಂದೇ ಪಕ್ಷದಲ್ಲಿ ಎರಡು 7ನೇ ಲೀಜನ್: ಗಾಲ್ಬಿಯಾನ ಮತ್ತು ಕ್ಲಾಡಿಯ. ಒಂದೇ ಹೆಸರಿನ ಇಬ್ಬರು ಹುಡುಗರಿದ್ದ ತರಗತಿಯಲ್ಲಿ ಮೇಷ್ಟ್ರು ಇನಿಷಿಯಲ್ ಇಲ್ಲದೆ ಹಾಜರಿ ಕೂಗಿದ ಹಾಗಾಗುತ್ತದೆ. ಮೊದಲ ಸಲ ಆಡುವ ಮುಂಚೆಯೇ ಪರ್ಮನೆಂಟ್ ಮಾರ್ಕರ್‌ನಿಂದ ಬಿಲ್ಲೆಯ ಹಿಂದೆ ಹೆಸರಿನ ಮೊದಲ ಅಕ್ಷರ ಬರೆದುಕೊಳ್ಳಿ. ಎಂಡಿಎಫ್ ಮಳೆಗಾಲದ ತೇವಕ್ಕೆ ಅಂಚಿನಲ್ಲಿ ಉಬ್ಬುತ್ತದೆ. ಬರೆದು ಒಣಗಿದ ಮೇಲೆ ಅಂಚಿಗೆ ಒಂದು ಪದರ ವಾರ್ನಿಶ್ ಬಳಿದರೆ ತಡೆಯುತ್ತದೆ. ನಕ್ಷೆಯ ಬಟ್ಟೆಯನ್ನು ಮಡಿಸಿ ಕೊಟ್ಟಿರುವುದರಿಂದ ಮಡಿಕೆಗಳ ಮೇಲೆ ಬಿಲ್ಲೆ ಜಾರುತ್ತದೆ. ತಿರುವುಮುರುವು ಹಾಸಿ ಹದ ಬಿಸಿಯಲ್ಲಿ ಇಸ್ತ್ರಿ ಹಾಕಿ, ನಂತರ ಮಡಿಸದೆ ಪಿವಿಸಿ ಕೊಳವೆಗೆ ಸುತ್ತಿಡಿ. ನೀರು ಚಿಮುಕಿಸಿ ಇಸ್ತ್ರಿ ಬೇಡ, ನೀಲಿ ಬಣ್ಣ ಬಿಡುತ್ತದೆ.

ಕವಡೆ. ಐದರಲ್ಲಿ ಒಂದು ಹೆಚ್ಚುವರಿ, ಒಳ್ಳೆಯ ಮುಂದಾಲೋಚನೆ. ಆದರೆ ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಒಂದೊಂದೂ ಒಂದೊಂದು ಕಡೆ ವಾಲುತ್ತದೆ. ಪ್ರತಿಯೊಂದನ್ನೂ ನೂರು ಸಲ ಎಸೆದು ಎಣಿಸಿ. ಒಂದು ಮಗ್ಗುಲು 60ಕ್ಕಿಂತ ಹೆಚ್ಚು ಸಲ ಬಿದ್ದರೆ ಅದನ್ನು ಪಕ್ಕಕ್ಕಿಟ್ಟು ಬೇರೆ ಹಾಕಿ. ಆ ಶ್ರಮ ಬೇಡವೆಂದರೆ ಸೀಳಿದ ಹುಣಸೆ ಬೀಜ ಹೆಚ್ಚು ಪ್ರಾಮಾಣಿಕ ಎನ್ನಬೇಡಿ, ಅದನ್ನೂ ಎಣಿಸಿಯೇ ನಂಬಬೇಕು.

ಕವಡೆಯ ಲೆಕ್ಕ ಮುಖ್ಯವಾಗುವುದು ‘ಮಾತು ಕೇಳದ ಸೇನಾಪತಿ’ ನಿಯಮದಲ್ಲಿ. ಇದು ವೆಸ್ಪೇಸಿಯನ್ ಪಕ್ಷದ ಸೇನಾಪತಿ ಆಂಟೋನಿಯಸ್ ಪ್ರೈಮಸ್‌ಗಾಗಿ ಮಾಡಿದ್ದು. ಮುಸಿಯಾನಸ್ ಬರುವವರೆಗೆ ಇಟಲಿಯ ಈಶಾನ್ಯ ತುದಿಯ ಅಕ್ವಿಲೇಯಾದಲ್ಲಿ ಕಾಯಬೇಕು ಎನ್ನುವುದು ವೆಸ್ಪೇಸಿಯನ್ ಯೋಜನೆ. ಪ್ರೈಮಸ್ ಕಾಯಲಿಲ್ಲ, ಡ್ಯಾನ್ಯೂಬ್ ಸೈನ್ಯ ಕಟ್ಟಿಕೊಂಡು ವೆರೋನಾಗೆ ಇಳಿದುಬಿಟ್ಟ. ಆಟದಲ್ಲಿ ಪ್ರತಿ ಸುತ್ತಿಗೂ ನಾಲ್ಕು ಕವಡೆ. ನಾಲ್ಕೂ ಬಾಯಿ ಅಥವಾ ನಾಲ್ಕೂ ಬೆನ್ನು ಬಿದ್ದರೆ ಅವನು ತನ್ನಿಷ್ಟಕ್ಕೆ ನುಗ್ಗುತ್ತಾನೆ. ಅಂದರೆ 16ರಲ್ಲಿ 2. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮೂರು ಸುತ್ತಿನಲ್ಲಿ ಒಮ್ಮೆಯಾದರೂ ನುಗ್ಗುವ ಸಾಧ್ಯತೆ ಮೂರಕ್ಕೆ ಒಂದರಷ್ಟೇ. ಹಾಗಾಗಿ ಮೂರರಲ್ಲಿ ಎರಡು ಆಟ ಸಪ್ಪೆಯಾಗಿ ಮುಂದಿನ ವರ್ಷಕ್ಕೆ ಉರುಳುತ್ತದೆ. ‘ಒಂದೇ ಬಾಯಿ’ ಬಿದ್ದರೂ ನುಗ್ಗುತ್ತಾನೆ ಎಂದು ಸೇರಿಸಿ: 16ರಲ್ಲಿ 6 ಆಗುತ್ತದೆ, ಮೂರು ಸುತ್ತಿಗೆ ನಾಲ್ಕರಲ್ಲಿ ಮೂರು. ಆ ಮನುಷ್ಯನ ಸ್ವಭಾವಕ್ಕೆ ಅದೇ ಸರಿ.

ಅಕ್ಟೋಬರ್ 24ರ ರಾತ್ರಿಗೆ ಮೀಸಲಾದ ಐದು ಚೀಟಿಗಳು ಪೆಟ್ಟಿಗೆಯ ಜೀವಾಳ. ವಿಟೆಲಿಯಸ್‌ನ ಕೈಕೀನಾ ಪಕ್ಷಾಂತರಕ್ಕೆ ಹೊರಟು ತನ್ನ ಸೈನಿಕರಿಂದಲೇ ಸೆರೆಯಾಗಿದ್ದ. ನಾಯಕನಿಲ್ಲದ ಆ ಲೀಜನ್‌ಗಳು ಅಂದು ಒಂದೇ ದಿನ 30 ರೋಮನ್ ಮೈಲಿ ನಡೆದು ಬಂದವು. ಅದು 44 ಕಿ.ಮೀ., ಹೆಚ್ಚು ಕಡಿಮೆ ತುಮಕೂರಿನಿಂದ ನೆಲಮಂಗಲದವರೆಗೆ, ಆಯುಧ ಹೊತ್ತು. ಉಂಡು ಮಲಗಿ ಬೆಳಗ್ಗೆ ಹೊಡೆದಿದ್ದರೆ ಗೆಲ್ಲುತ್ತಿದ್ದರೋ ಏನೋ, ಹೊಟ್ಟೆ ಹಸಿದುಕೊಂಡೇ ರಾತ್ರಿ ಮೇಲೆ ಬಿದ್ದರು. ‘ಹಸಿದ ಸೈನ್ಯ’ ಚೀಟಿ ಅವರ ಒಂದು ಕವಡೆ ಕಿತ್ತುಕೊಳ್ಳುತ್ತದೆ. ‘ಚಂದ್ರೋದಯ’ ಚೀಟಿ ಇನ್ನೂ ಚೆಂದ: ಚಂದ್ರ ಹುಟ್ಟಿದ್ದು ವೆಸ್ಪೇಸಿಯನ್ ಪಕ್ಷದವರ ಬೆನ್ನ ಹಿಂದೆ. ಅವರ ನೆರಳು ಉದ್ದವಾಗಿ ಮುಂದೆ ಚಾಚಿತ್ತು, ಎದುರಿನವರು ನೆರಳನ್ನೇ ಆಳೆಂದು ತಿಳಿದು ಗುರಿಯಿಟ್ಟು ಬಾಣ ವ್ಯರ್ಥ ಮಾಡಿದರು. ವಿಟೆಲಿಯಸ್ ಕಡೆಯ ಭಾರೀ ಕಲ್ಲೆಸೆಯುವ ಯಂತ್ರವೊಂದು ಸಾಲುಸಾಲು ಜನರನ್ನು ಜಜ್ಜುತ್ತಿದ್ದಾಗ ವೆಸ್ಪೇಸಿಯನ್ ಪಕ್ಷದ ಇಬ್ಬರು ಸೈನಿಕರು ಸತ್ತ ಶತ್ರುಗಳ ಗುರಾಣಿ ಹಿಡಿದು ಒಳಹೊಕ್ಕು ಅದರ ಹಗ್ಗ ಕತ್ತರಿಸಿದರು. ಇಬ್ಬರೂ ಅಲ್ಲೇ ಸತ್ತರು, ಹೆಸರು ಉಳಿಯಲಿಲ್ಲ. ಬೆಳಗಾದಾಗ ಅದೇ ಪಕ್ಷದ, ಸಿರಿಯದಲ್ಲಿ ಇದ್ದು ಬಂದ 3ನೇ ಗ್ಯಾಲಿಕ ಲೀಜನ್ ಆ ನಾಡಿನ ರೂಢಿಯಂತೆ ಹುಟ್ಟುವ ಸೂರ್ಯನಿಗೆ ಕೈಮುಗಿದು ಕೂಗಿತು. ಮುಸಿಯಾನಸ್ ಬಂದೇಬಿಟ್ಟ, ಸ್ವಾಗತದ ಕೂಗು ಅದು ಎಂಬ ಗುಲ್ಲು ಹಬ್ಬಿ ಎದುರಾಳಿ ಕುಸಿದ. ಇಲ್ಲೂ ಕೆಲಸ ಮಾಡಿದ್ದು ಸುದ್ದಿಯೇ, ಅದೂ ಸುಳ್ಳು ಸುದ್ದಿ. ಚೀಟಿ ಬರೆದವರಿಗೆ ಇದು ಗೊತ್ತಿದೆ. ನಕ್ಷೆ ಮಾಡಿದವರಿಗೆ ಯಾಕೆ ಗೊತ್ತಾಗಲಿಲ್ಲವೋ.

‘ಕ್ರೆಮೋನಾ ಲೂಟಿ’ ಚೀಟಿಯಲ್ಲಿ ಒಂದು ತಪ್ಪಿದೆ. ವೆಸ್ಪೇಸಿಯನ್ ಅಪ್ಪಣೆಯಂತೆ ಊರು ಸುಟ್ಟರು ಎಂದು ಅದರಲ್ಲಿದೆ. ಅವನು ಆಗ ಕಡಲಾಚೆ ಇದ್ದ. ಪ್ರೈಮಸ್ ಸ್ನಾನಕ್ಕಿಳಿದಾಗ ನೀರು ಉಗುರುಬೆಚ್ಚಗಿದೆ ಎಂದನಂತೆ, ಈಗಲೇ ಕಾಯುತ್ತದೆ ಎಂಬ ಉತ್ತರ ಬಂತಂತೆ. ಊರಿಗೆ ಬೆಂಕಿಯಿಡಲು ಕೊಟ್ಟ ಸಂಕೇತವೇ ಅದೆಂದು ಜನ ಆಡಿಕೊಂಡರು. ಲೂಟಿ ನಾಲ್ಕು ದಿನ ನಡೆಯಿತು, ಗೋಡೆಯ ಹೊರಗಿದ್ದ ಮೆಫೈಟಿಸ್ ದೇವತೆಯ ಗುಡಿ ಒಂದೇ ಉಳಿಯಿತು.

ನಿಯಮಪುಸ್ತಕದ ಕನ್ನಡ ಸರಾಗವಾಗಿದೆ, ಹಳೇ ಅನುವಾದದ ಗಂಟಲುಗಟ್ಟು ಇಲ್ಲ. ಆದರೆ ತಿದ್ದುವವರ ಕಣ್ಣು ಬಿದ್ದಿಲ್ಲ. ರೋಮನ್ನರು ವರ್ಷವನ್ನು ಆ ವರ್ಷದ ಇಬ್ಬರು ಅತ್ಯುನ್ನತ ಅಧಿಕಾರಿಗಳಾದ ಕಾನ್ಸಲ್‌ಗಳ ಹೆಸರಿನಿಂದ ಕರೆಯುತ್ತಿದ್ದರು. 69 ಶುರುವಾದದ್ದು ಗಾಲ್ಬ ಮತ್ತು ಟೈಟಸ್ ವಿನಿಯಸ್ ಹೆಸರಿನಲ್ಲಿ. ಪುಸ್ತಕದ ಒಂದು ಕಡೆ ಇವರು ‘ವಾಣಿಜ್ಯ ರಾಯಭಾರಿಗಳು’ ಆಗಿಬಿಟ್ಟಿದ್ದಾರೆ! ನಕ್ಷೆಯಲ್ಲಿ ರೋಮಿನ ಗುರುತಿಗೆ ಕೊಲೊಸಿಯಂ ಚಿತ್ರ ಹಾಕಿದ್ದಾರೆ. ಅದನ್ನು ಕಟ್ಟಿಸಲು ಶುರು ಮಾಡಿದವನೇ ವೆಸ್ಪೇಸಿಯನ್, ಬಾಗಿಲು ತೆರೆದದ್ದು 80ರಲ್ಲಿ. 69ರಲ್ಲಿ ಅಲ್ಲಿದ್ದದ್ದು ನೀರೋನ ಅರಮನೆಯ ಕೊಳ. ವೆಸ್ಪೇಸಿಯನ್ ಬಿಲ್ಲೆಯನ್ನು ಜುಲೈಯಲ್ಲಿ ಜೆರುಸಲೇಮಿನ ಮೇಲೆ ಇಡಿ ಎಂದಿದೆ. ಜೆರುಸಲೇಮ್ ಆಗ ದಂಗೆಕೋರರ ಕೈಯಲ್ಲಿ. ಅವನಿದ್ದದ್ದು ಕಡಲ ತೀರದ ಸಿಸೇರಿಯಾದಲ್ಲಿ. ಅಲ್ಲಿಟ್ಟೇ ಆಡಿ. ವಸಂತದಲ್ಲಿ ಬರುವ ‘ಸುಳ್ಳು ನೀರೋ’ ಚೀಟಿ ಮಾತ್ರ ತಪ್ಪಿಲ್ಲದೆ ಬಂದಿದೆ: ನೀರೋನಂತೆ ಮುಖ, ಅವನಂತೆಯೇ ತಂತಿವಾದ್ಯ ನುಡಿಸುವ ಒಬ್ಬ ಈಜಿಯನ್ ಕಡಲಲ್ಲಿ ಜನ ಸೇರಿಸಿ ಕೊನೆಗೆ ಕಿಥ್ನೋಸ್ ದ್ವೀಪದಲ್ಲಿ ಸಿಕ್ಕಿಬಿದ್ದ. ರೈನ್ ತೀರದ ಬಟೇವಿಯನ್ ಬುಡಕಟ್ಟಿನ ದಂಗೆಗೆ ಎರಡೇ ಚೀಟಿ, ಕಡಿಮೆಯಾಯಿತು. ಆದರೆ ಅದು ಮುಗಿಯುವುದು 70ರಲ್ಲಿ, ಬಿಡಿ.

ಪೂರ್ತಿ ಆಟಕ್ಕೆ ಮೂರೂವರೆ ಗಂಟೆ ಬೇಕು, ಅಂಚೆಯವರಿದ್ದರೆ ಐದು. ಪಿಯು ಕಾಲೇಜಿನ 45 ನಿಮಿಷದ ಪೀರಿಯಡ್‌ನಲ್ಲಿ ಆಡಿಸುವವರು ಜನವರಿಯನ್ನು ಮಾತ್ರ ತೆಗೆದುಕೊಳ್ಳಲಿ: ಗಾಲ್ಬ, ಓಥೋ, ರೈನ್ ಸೈನ್ಯ, ಮೂರೇ ಪಕ್ಷ, ಹತ್ತು ಹತ್ತು ದಿನದ ಮೂರು ನಡೆ, ಉಳಿದವರೆಲ್ಲ ಸೆನೆಟ್. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇದನ್ನು ಕೊಳ್ಳಬೇಕಿಲ್ಲ. ಅವರಿಗೆ ಬೇಕಾದ ಒಂದು ಅಂಕದ ಉತ್ತರಕ್ಕೆ 1,450 ದುಬಾರಿ. ಬೇಸಿಗೆ ರಜೆಯಲ್ಲಿ ನಾಲ್ಕು ಜನ ಒಟ್ಟಿಗೆ ಕೂರುವ ಮನೆಗೆ, ಸೀಮೆಸುಣ್ಣ ಹಿಡಿದು ನಿಯಮ ತಿದ್ದಿಕೊಳ್ಳುವ ಸಹನೆ ಇದ್ದರೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಕೊನೆಯದಾಗಿ ಗೆಲುವಿನ ನಿಯಮ, ಅದನ್ನು ತಿದ್ದದೆ ಆಡಲೇಬೇಡಿ. ಡಿಸೆಂಬರ್ ಮುಗಿದಾಗ ಯಾರ ನಾಯಕ ಬಿಲ್ಲೆ ರೋಮಿನಲ್ಲಿದೆಯೋ ಅವರು ಗೆದ್ದಂತೆ ಎಂದು ಪುಟ 14 ಹೇಳುತ್ತದೆ. ಹಾಗಾದರೆ ಇತಿಹಾಸದಲ್ಲಿ ನಡೆದಂತೆಯೇ ಆಡಿದ ವೆಸ್ಪೇಸಿಯನ್ ಗೆಲ್ಲುವಂತೆಯೇ ಇಲ್ಲ: ಡಿಸೆಂಬರ್ 21ರಂದು ಸೆನೆಟ್ ಅವನಿಗೆ ಪಟ್ಟ ಕೊಟ್ಟಾಗ ಅವನಿದ್ದದ್ದು ಈಜಿಪ್ಟಿನಲ್ಲಿ, ಕಡಲು ಮುಚ್ಚಿತ್ತು. ಅವನು ರೋಮಿಗೆ ಬಂದದ್ದೇ 70ರಲ್ಲಿ. ಅಲ್ಲಿಯವರೆಗೆ ಅವನ ಹೆಸರಿನಲ್ಲಿ, ಅವನು ಕೊಟ್ಟ ಮುದ್ರೆಯುಂಗುರ ಹಿಡಿದು ಆಜ್ಞೆ ಹೊರಡಿಸಿದವನು ಮುಸಿಯಾನಸ್. ಹಾಗಾಗಿ ರೋಮಿನ ವೃತ್ತ, ಕಾವಲು ಪಡೆಯ ಬಿಲ್ಲೆ, ನಾಯಕನ ಉಂಗುರ, ಈ ಮೂರೂ ಯಾರ ಕಡೆಯ ಸೇನಾಪತಿಯ ಹತ್ತಿರ ಇವೆಯೋ ಅವರು ಗೆದ್ದಂತೆ ಎಂದು ಬದಲಿಸಿಕೊಳ್ಳಿ. ಪೆಟ್ಟಿಗೆಯಲ್ಲಿ ಉಂಗುರ ಇಲ್ಲ. ಬೀಗದ ಕೈ ಗೊಂಚಲಿನ ಹಳೇ ಬಳೆ ನಾಲ್ಕು ಇದ್ದರೆ ಆಯಿತು.